ಓದಲು ಬಾರದ ಹುಡುಗಿಯ ಸೋದರಮಾವ

ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಒಂದು ಸಾಮ್ರಾಜ್ಯವಿದೆ. ಉದ್ದಕ್ಕೆ ಎರಡು ತಾಲ್ಲೂಕು, ಅಗಲಕ್ಕೆ ಒಂದು ಬಸ್ಸು. ಬಸ್ಸಿನ ಹೆಸರು ‘ಉಚ್ಚಂಗಿ ಕೃಪ’, ಚಕ್ರವರ್ತಿಯ ಹೆಸರು ಕಂಡಕ್ಟರ್ ಬೊಮ್ಮಲಿಂಗಪ್ಪ. ಬಗಲಲ್ಲಿ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಮಿಷನ್ನು, ತುಟಿಯಲ್ಲಿ ಸೀಟಿ. ಈ ಸೀಟಿ ಒಮ್ಮೆ ಕೂಗಿದರೆ ಬಸ್ಸು ತುಂಬಿದ ಜನ, ಟಾಪಿನ ಮೇಲಿನ ಈರುಳ್ಳಿ ಚೀಲ, ಹಿಂದಿನ ಸೀಟಿನ ಕೆಳಗೆ ಕಾಲು ಕಟ್ಟಿಸಿಕೊಂಡು ಕೂತ ಕುರಿಮರಿ, ಎಲ್ಲವೂ ಒಟ್ಟಿಗೆ ಒಮ್ಮೆ ಹಿಂದಕ್ಕೆ ವಾಲಿ ಆಮೇಲೆ ಮುಂದಕ್ಕೆ ಹೊರಡುತ್ತವೆ. ಇಷ್ಟು ಅಧಿಕಾರ ಇದ್ದವನಿಗೆ ಒಂದು ದೌರ್ಬಲ್ಯವಾದರೂ ಬೇಕಲ್ಲ. ಬೊಮ್ಮಲಿಂಗಪ್ಪನಿಗೆ ಇದ್ದದ್ದು ಜಂಬ.

ಸಾಮ್ರಾಜ್ಯ ಎಂದಮೇಲೆ ಶತ್ರುವೂ ಇರಬೇಕು. ಅವನು ‘ವಿಜಯಪವನ’ ಬಸ್ಸಿನ ಕಂಡಕ್ಟರ್ ಗಾದ್ರಪ್ಪ. ಉಚ್ಚಂಗಿ ಕೃಪ ಹೊರಟ ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಅವನ ಬಸ್ಸು ಹೊರಡುತ್ತದೆ. ಇವನು ಹೊತ್ತಿಗೆ ಸರಿಯಾಗಿ ಹೊರಡದೆ ನಿಂತರೆ ಹಿಂದಿನಿಂದ ಬಂದ ಗಾದ್ರಪ್ಪ ದಾಟಿಹೋಗಿ ಮುಂದಿನ ಊರುಗಳ ಜನರನ್ನೆಲ್ಲ ಬಾಚಿಕೊಳ್ಳುತ್ತಾನೆ. ಹಾಗೆಂದು ಟೈಮಿಗೆ ಮುಂಚೆ ಓಡುವಂತೆಯೂ ಇಲ್ಲ. ಖಾಸಗಿ ಬಸ್ಸುಗಳ ಲೋಕದಲ್ಲಿ ಮುಂಚೆ ಬರುವುದು ಮಹಾಪಾಪ. ಮುಂದಿನ ಬಸ್ಸಿನವರ ಅನ್ನ ಕಿತ್ತುಕೊಂಡ ಹಾಗೆ. ಆದ್ದರಿಂದ ರಸ್ತೆ ಖಾಲಿಯಿದ್ದು ಬೇಗ ಬಂದ ದಿನ ತಳಕಿನಲ್ಲಿ ಬೇವಿನ ಮರದ ಕೆಳಗೆ ಡ್ರೈವರ್ ಹಾಲೇಶಪ್ಪ ಎಂಜಿನ್ ಆರಿಸುತ್ತಾನೆ. ಹೊತ್ತಾಗುವವರೆಗೂ ಅಲ್ಲೇ. ಜನ ಇಳಿದು ಚಹಾ ಕುಡಿಯುತ್ತಾರೆ, ಶೇಂಗಾ ಬಿಡಿಸುತ್ತಾರೆ. ಚಕ್ರವರ್ತಿ ಮಾತ್ರ ವಾಚು ನೋಡಿಕೊಂಡು ಚಡಪಡಿಸುತ್ತಾನೆ. ನಿಂತ ಬಸ್ಸು ಎಂದರೆ ಅವನಿಗೆ ಮೈಯೆಲ್ಲ ತುರಿಕೆ.

ಮದುವೆ ಎಂಬ ಬಸ್ಸು ಯಾಕೋ ಬೊಮ್ಮಲಿಂಗಪ್ಪನ ಸ್ಟಾಪಿನಲ್ಲಿ ನಿಲ್ಲದೆ ಹೋಗಿತ್ತು. ಹಾಗಾಗಿ ಮೊಳಕಾಲ್ಮೂರಿನಲ್ಲಿ ತಂಗಿ ಲಕ್ಷ್ಮಕ್ಕನ ಮನೆಯಲ್ಲೇ ವಾಸ. ತಂಗಿಯೂ ಅವಳ ಗಂಡನೂ ಮನೆಯ ನಡುಮನೆಯಲ್ಲಿರುವ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಮಗ್ಗಕ್ಕೆ ಕೂತರೆ ಎಳೆಯ ಮೇಲಿನ ಕಣ್ಣು ಕೀಳುವ ಹಾಗಿಲ್ಲ. ಅದಕ್ಕೇ ಅವರ ಮಗಳು ತೇಜಶ್ರೀ ನಡೆಯಲು ಕಲಿತಾಗಿನಿಂದ ಭಾನುವಾರ ಬಂತೆಂದರೆ ಸೋದರಮಾವನ ಬಸ್ಸು ಹತ್ತುತ್ತಿದ್ದಳು. ಬಾಗಿಲ ಹಿಂದಿನ ಕಿಟಕಿ ಸೀಟು ಅವಳ ಸಿಂಹಾಸನ.

ಅವಳು ಓದು ಕಲಿತದ್ದು ಅಲ್ಲಿಯೇ. ಯಾರೂ ಕಲಿಸಲಿಲ್ಲ. ಬಸ್ಸಿನೊಳಗಿನ ಅಕ್ಷರಗಳನ್ನು ತೋರಿಸಿ ಇದೇನು, ಅದೇನು ಎಂದು ಕೇಳುತ್ತಿದ್ದಳು. ಮಾವ ಟಿಕೆಟ್ ಕೊಡುತ್ತಲೇ ಹೇಳುತ್ತಿದ್ದ. ಬೇರೆ ಮಕ್ಕಳು ಅ ಅರಸ, ಆ ಆಟ ಎನ್ನುವ ವಯಸ್ಸಿನಲ್ಲಿ ಇವಳು ‘ತುರ್ತು ನಿರ್ಗಮನ’ದಿಂದ ಶುರುಮಾಡಿದಳು. ಆಮೇಲೆ ‘ಕೈ, ತಲೆ ಹೊರಗೆ ಹಾಕಬೇಡಿ’. ಆಮೇಲೆ ಹಾನಗಲ್, ಬಿ.ಜಿ.ಕೆರೆ, ಹಿರೇಹಳ್ಳಿಗಳ ಗೊಬ್ಬರದಂಗಡಿ ಬೋರ್ಡುಗಳು. ಇನ್ನೂ ಶಾಲೆಗೆ ಸೇರಿರಲಿಲ್ಲ, ಒಂದು ದಿನ ಮುಂದಿನ ಸೀಟಿನಲ್ಲಿ ಕೂತಿದ್ದ ಮೀಸೆಯ ಯಜಮಾನರೊಬ್ಬರನ್ನು ಬಹಳ ಹೊತ್ತು ನೋಡಿ, ಅವರ ತಲೆಯ ಮೇಲಿನ ಅಕ್ಷರ ನೋಡಿ, ಗಂಭೀರವಾಗಿ ಕೇಳಿದಳು:

“ತಾತ, ನೀನು ಮಹಿಳೆಯಾ?”

ಇಡೀ ಬಸ್ಸು ನಕ್ಕಿತು. ಯಜಮಾನರೂ ನಕ್ಕು ಎದ್ದು ನಿಂತರು. ಬೊಮ್ಮಲಿಂಗಪ್ಪನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಆ ಎದೆಗೊಂದು ಹಳೆಯ ಕಥೆಯೂ ಇತ್ತು. ಚಿಕ್ಕವನಿದ್ದಾಗ ಅವನನ್ನು ಶಾಲೆಯಲ್ಲಿ ಮೇಜಿನ ಮೇಲೆ ನಿಲ್ಲಿಸಿ, ಬಂದ ಅತಿಥಿಗಳ ಮುಂದೆ ಮಗ್ಗಿ ಹೇಳಿಸಿದ್ದರು. ಚಪ್ಪಾಳೆಯೋ ಚಪ್ಪಾಳೆ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಫೇಲಾದ. ಆದರೆ ಆ ಚಪ್ಪಾಳೆ ಮಾತ್ರ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಮಗುವಿಗೆ ಕೊಡಬಹುದಾದ ದೊಡ್ಡ ಸುಖ ಎಂದರೆ ಮೇಜು ಹತ್ತಿಸುವುದೇ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಅಂದಿನಿಂದ ಉಚ್ಚಂಗಿ ಕೃಪದಲ್ಲಿ ತೇಜಶ್ರೀಯ ಪ್ರದರ್ಶನಗಳು ಶುರುವಾದವು. ಪ್ರಯಾಣಿಕರ ಮಾತ್ರೆ ಚೀಟಿ, ಲಗ್ನಪತ್ರಿಕೆ, ಕರೆಂಟ್ ಬಿಲ್ಲು, ಎಲ್ಲವನ್ನೂ ಅವಳ ಕೈಗೆ ಕೊಡಿಸಿ ಓದಿಸಿದ. “ಓದವ್ವ, ಜೋರಾಗಿ, ಹಿಂದಿನ ಸೀಟಿಗೂ ಕೇಳ್ಬೇಕು.” ಎರಡನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳ ಕೀರ್ತಿ ನಾಯಕನಹಟ್ಟಿವರೆಗೂ ಹೋಗಿತ್ತು. ಇನ್ನು ಇಂಥ ಪ್ರತಿಭೆಗೆ ತಕ್ಕ ಗ್ರಂಥ ಬೇಡವೇ? ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಅತ್ಯಂತ ದಪ್ಪಗಿದ್ದದ್ದನ್ನೇ ಆರಿಸಿ ತಂದ. ಅದು ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುವವರ ಕೈಪಿಡಿ.

“ಅಣ್ಣಾ, ಅದು ಎರಡನೇ ಕ್ಲಾಸು,” ಎಂದಳು ಲಕ್ಷ್ಮಕ್ಕ, ಮಗ್ಗದ ಗುಂಡಿಯಿಂದಲೇ. “ಹಾಲಲ್ಲು ಇನ್ನೂ ಬಿದ್ದಿಲ್ಲ. ಈಗ್ಲೇ ತಹಸೀಲ್ದಾರಿಕೆ ಮಾಡಿಸ್ತೀಯಾ?”

“ನಿಂಗೇನ್ ಗೊತ್ತೈತೆ, ಸುಮ್ಕಿರು. ಇದು ಶಟಲ್ ಗಾಡಿ ಅಲ್ಲ. ಎಕ್ಸ್‌ಪ್ರೆಸ್ಸು.”

ತೇಜಶ್ರೀ ಅದನ್ನೂ ಓದಿದಳು. ಓದಲು ಏನಾದರೂ ಸಿಕ್ಕರೆ ಬಿಡುವವಳಲ್ಲ. ಮೂರನೇ ದಿನ ಕೇಳಿದಳು:

“ಮಾವ, ಋಣಾತ್ಮಕ ಅಂಕ ಅಂದ್ರೇನು?”

“ತಪ್ಪು ಬರೆದ್ರೆ ಇದ್ದ ಮಾರ್ಕ್ಸೂ ಕಿತ್ಕಂತಾರೆ.”

“ಬರೀದೇ ಇದ್ರೆ?”

“ಬರೀದೇ ಇದ್ರೆ ಏನೂ ಕಿತ್ಕಳಲ್ಲ.”

ಹುಡುಗಿ ಅದನ್ನು ಬಹಳ ಹೊತ್ತು ಯೋಚಿಸಿದಳು. ಮಾವ ಯೋಚಿಸಲಿಲ್ಲ. ಯೋಚಿಸಿದ್ದರೆ ಮುಂದಿನ ಯುದ್ಧದಲ್ಲಿ ಸೋಲುತ್ತಿರಲಿಲ್ಲ.

ಯುದ್ಧ ನಡೆದದ್ದು ಒಂದು ಭಾನುವಾರ, ಚಳ್ಳಕೆರೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಎದುರು. ಗಾದ್ರಪ್ಪ ಸಾಸರಿನಲ್ಲಿ ಚಹಾ ಊದುತ್ತಾ, “ಬೋರ್ಡು ಗೀರ್ಡು ಬಾಯಿಪಾಠ ಮಾಡಿಸಿರ್ತೀಯಾ. ಇವತ್ತಿನ ಪೇಪರ್ ಓದಿಸು ನೋಡಾನ,” ಎಂದ.

“ಓದಿದ್ರೆ?”

“ಓದಿದ್ರೆ ಇವತ್ತಿಂದ ನಿನ್ನ ಅಣ್ಣಾ ಅಂತೀನಿ. ಓದದಿದ್ರೆ ನೀನು ನನ್ನ ಅಣ್ಣಾ ಅನ್ಬೇಕು. ಎಲ್ಲಾರ ಮುಂದೆ.”

“ಆಗ್ಲಿ ಕಣಲೇ!”

ಗಾದ್ರಪ್ಪ ಇವನಿಗಿಂತ ನಾಲ್ಕು ವರ್ಷ ಚಿಕ್ಕವನು. ಪಂದ್ಯದ ಘನತೆ ಇಡೀ ಬಸ್ ಸ್ಟ್ಯಾಂಡಿಗೆ ಅರ್ಥವಾಯಿತು. ಹಣ್ಣಿನವರು, ಡ್ರೈವರುಗಳು, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲರೂ ಸುತ್ತ ನಿಂತರು. ತೇಜಶ್ರೀಯನ್ನು ಬೆಂಚಿನ ಮೇಲೆ ನಿಲ್ಲಿಸಿ ಪೇಪರು ಕೊಟ್ಟರು. ಪೇಪರು ಅವಳಿಗಿಂತ ಅಗಲವಾಗಿತ್ತು. ಅವಳ ಕಣ್ಣು ಒಮ್ಮೆ ಪುಟದ ಮೇಲಿನಿಂದ ಕೆಳಗಿನ ಮೂಲೆಯವರೆಗೆ ಇಳಿದು, ಅಲ್ಲೇ ಸ್ವಲ್ಪ ನಿಂತು, ಮತ್ತೆ ಮೇಲೆ ಬಂತು.

“ಸ…” ಎಂದಳು. “ಸ… ರ… ಸರ… ಕ…”

“ಹೂಂ, ಸರ್ಕಾರ, ಹೇಳವ್ವ!”

“ಸರ… ಸರ ಕರ…”

“ತೇಜೂ!”

“ನಂಗೆ ಓದಕ್ಕೆ ಬರಲ್ಲ ಮಾವ,” ಎಂದು ಹುಡುಗಿ ಬೆಂಚಿನಿಂದ ಇಳಿದುಬಿಟ್ಟಳು.

ಸಾಮ್ರಾಜ್ಯಗಳು ಹೇಗೆ ಪತನವಾಗುತ್ತವೆ ಎಂಬುದಕ್ಕೆ ಕಾರಣಗಳನ್ನು ಪಂಡಿತರು ಬರೆದಿದ್ದಾರೆ. ಅದರ ಸದ್ದು ಹೇಗಿರುತ್ತದೆಂದು ಬೊಮ್ಮಲಿಂಗಪ್ಪನನ್ನು ಕೇಳಬೇಕು. ಮೊದಲು ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ. ಗಾದ್ರಪ್ಪ ಸಾಸರ್ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಕಿವಿಯನ್ನು ಮುಂದೆ ಚಾಚಿದ. ಬೊಮ್ಮಲಿಂಗಪ್ಪ ನೆಲ ನೋಡಿಕೊಂಡು ಹೇಳಿದ:

“ಅಣ್ಣಾ.”

“ಕೇಳ್ಲಿಲ್ಲ ತಮ್ಮಾ. ಹಿಂದಿನ ಸೀಟಿಗೂ ಕೇಳ್ಬೇಕು.”

ವಾಪಸು ಬರುವಾಗ ಸೀಟಿಯ ದನಿಯೂ ಕುಗ್ಗಿತ್ತು. ತಳಕು ದಾಟಿತು. ತೇಜಶ್ರೀ ಕಿಟಕಿಯಾಚೆ ದೂರದ ಗುಡ್ಡಗಳನ್ನೇ ನೋಡುತ್ತಿದ್ದಳು. ಬಿ.ಜಿ.ಕೆರೆ ಹತ್ತಿರ ಬಂದಾಗ ತಟ್ಟನೆ ತಿರುಗಿ ಕೇಳಿದಳು:

“ಮಾವ, ಆ ಕರಡಿಮರಿಗೆ ಅವ್ವ ಸಿಕ್ತಾ?”

“ಯಾವ ಕರಡಿಮರಿ?”

ಹುಡುಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಬೊಮ್ಮಲಿಂಗಪ್ಪ ಚೀಲಕ್ಕೆ ತುರುಕಿಕೊಂಡು ಬಂದಿದ್ದ ಅದೇ ಪೇಪರು ತೆಗೆದ. ಪುಟದ ಕೆಳಗಿನ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಶೇಂಗಾ ಹೊಲಕ್ಕೆ ಬಂದ ಕರಡಿಯ ಸುದ್ದಿ ಇತ್ತು. ಜನರ ಗಲಾಟೆಗೆ ತಾಯಿ ಕರಡಿ ಓಡಿಹೋಗಿತ್ತು, ಮರಿ ಉಳಿದಿತ್ತು. ಕೊನೆಯಲ್ಲಿ ‘ಉಳಿದದ್ದು ಆರನೇ ಪುಟಕ್ಕೆ’ ಎಂದಿತ್ತು. ಆರನೇ ಪುಟ ಹುಡುಗಿಗೆ ಕಂಡಿರಲಿಲ್ಲ.

ಓದಿದ್ದಾಳೆ! ಅಷ್ಟು ಜನರ ನಡುವೆ, ಅಷ್ಟೇ ಹೊತ್ತಿನಲ್ಲಿ, ಮನಸ್ಸಿನೊಳಗೇ! ಬಸ್ಸು ನಿಲ್ಲಿಸಿ ಚಳ್ಳಕೆರೆಗೆ ತಿರುಗಿಸಬೇಕೆನಿಸಿತು. ಫೋನು ತೆಗೆದು ಗಾದ್ರಪ್ಪನ ನಂಬರಿನ ಮೇಲೆ ಹೆಬ್ಬೆರಳು ಇಟ್ಟೂ ಬಿಟ್ಟ. ಆಗ ಅವಳ ಮುಖ ಕಣ್ಣಿಗೆ ಬಿತ್ತು. ಟಿಕೆಟ್ ಇಲ್ಲದೆ ಕೂತವರು ಚೆಕಿಂಗಿನವರನ್ನು ನೋಡುವ ಹಾಗೆ ಅವಳು ಅವನ ಹೆಬ್ಬೆರಳನ್ನು ನೋಡುತ್ತಿದ್ದಳು.

ಅವನು ಫೋನು ಜೇಬಿಗೆ ಹಾಕಿದ. ಆರನೇ ಪುಟ ತೆಗೆದು, ತುಟಿ ಅಲ್ಲಾಡಿಸುತ್ತಾ ತಾನೇ ಓದಿಕೊಂಡ. “ಸಿಕ್ತಂತೆ ಕಣವ್ವ. ಸಂಜೆ ತಾಯಿನೇ ಬಂದು ಕರ್ಕೊಂಡು ಹೋಯ್ತಂತೆ.”

ತೇಜಶ್ರೀ ದೊಡ್ಡದಾಗಿ ಉಸಿರು ಬಿಟ್ಟಳು.

“ಯಾಕವ್ವ ಬರಲ್ಲ ಅಂದೆ?”

“ಓದಿದ್ರೆ ಇನ್ನೊಂದ್ ಓದು, ಇನ್ನೊಂದ್ ಓದು ಅಂತಾರೆ. ಅವರಿಗೆ ಬೇಕಾಗಿದ್ದು ಓದ್ಬೇಕು. ನಂಗೆ ಬೇಕಾಗಿದ್ದು ಓದಕ್ಕೇ ಬಿಡಲ್ಲ.” ಆಮೇಲೆ ಮೆಲ್ಲಗೆ, “ಬರಲ್ಲ ಅಂದ್ರೆ ಏನೂ ಕಿತ್ಕಳಲ್ಲ,” ಎಂದಳು.

ಕೈಪಿಡಿಯ ಪಾಠ ಅವಳಿಗೆ ಚೆನ್ನಾಗಿ ಹತ್ತಿತ್ತು.

ಮಾರನೆಯ ದಿನ ಬೊಮ್ಮಲಿಂಗಪ್ಪ ಹಾಲೇಶಪ್ಪನಿಗೆ ಹೇಳಿ ಒಂದು ಟ್ರಿಪ್ಪಿಗೆ ಬೇರೆಯವನನ್ನು ಹಾಕಿಸಿ ಶಾಲೆಗೆ ಹೋದ. ಮನಸ್ಸಿನಲ್ಲಿ ಇನ್ನೂ ಎಕ್ಸ್‌ಪ್ರೆಸ್ಸೇ ಓಡುತ್ತಿತ್ತು. ಟೀಚರ್ ಪ್ರೇಮಲತಾ ಅವರ ಎದುರು ಕೈ ಮುಗಿದು ನೇರ ವಿಷಯಕ್ಕೆ ಬಂದ.

“ಮೇಡಂ, ಹುಡುಗೀನ ಐದನೇ ಕ್ಲಾಸಿಗೆ ಹಾಕ್ಬಿಡ್ರಿ. ನಡುವಿನ ಸ್ಟಾಪ್ ಎಲ್ಲಾ ಬ್ಯಾಡ.”

ಪ್ರೇಮಲತಾ ಅವನನ್ನೇ ನೋಡಿದರು. “ಐದನೇ ಕ್ಲಾಸಿಗಾ? ಎರಡು ವಾರದಿಂದ ನಾನು ಅವಳನ್ನ ಕೆಳಗಿನ ತಟ್ಟೆಗೆ ಇಳಿಸಿದ್ದೀನಿ.”

ಅವರ ಕೋಣೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ ಗುಂಪುಗುಂಪಾಗಿ ನೆಲದ ಮೇಲೆ ದುಂಡಗೆ ಕೂರುತ್ತಾರೆ. ಒಂದೊಂದು ಗುಂಪಿಗೆ ತಟ್ಟೆ ಎನ್ನುತ್ತಾರೆ. ಟೀಚರ್ ಹೇಳಿಕೊಡಬೇಕಾದವರದ್ದು ಒಂದು ತಟ್ಟೆ, ಒಬ್ಬರಿಗೊಬ್ಬರು ಹೇಳಿಕೊಡುವವರದ್ದು ಇನ್ನೊಂದು, ತಾವೇ ಕಲಿಯುವವರದ್ದು ಮತ್ತೊಂದು. ಗೋಡೆಯ ಮೇಲೆ ಏಣಿಯ ಚಿತ್ರ. ಕಲಿತಷ್ಟೂ ಮೆಟ್ಟಿಲು ಮೇಲೆ. ತೇಜಶ್ರೀ ಏಣಿಯನ್ನು ಬೇಗ ಬೇಗ ಹತ್ತಿ ಮುಗಿಸಿದ್ದಳು. ತಾವೇ ಕಲಿಯುವವರ ತಟ್ಟೆಯಲ್ಲಿ ಅವಳೊಬ್ಬಳೇ. ಕಿಟಕಿ ಪಕ್ಕ, ಒಂದು ತಟ್ಟೆಗೆ ಒಂದೇ ಹುಡುಗಿ. ಕೆಲವು ದಿನ ಕೂತಳು. ಆಮೇಲೆ ಅಕ್ಷರ ತಪ್ಪತೊಡಗಿದವು. ತಪ್ಪುತ್ತಾ ತಪ್ಪುತ್ತಾ ಒಂದೊಂದೇ ಮೆಟ್ಟಿಲು ಇಳಿದು ಸರಿಯಾಗಿ ಸುಂಕಮ್ಮನ ಪಕ್ಕಕ್ಕೆ ಬಂದು ನಿಂತಳು. ಅಲ್ಲಿಗೆ ಬಂದ ಮೇಲೆ ಒಂದು ಅಕ್ಷರವೂ ತಪ್ಪಲಿಲ್ಲ.

ಸುಂಕಮ್ಮ, ಎಲ್ಲರೂ ಸುಂಕಿ ಎನ್ನುವ ಹುಡುಗಿ, ಆಂಧ್ರದ ಗಡಿಯ ಕಡೆಯಿಂದ ಬಂದವಳು. ಮನೆಯಲ್ಲಿ ತೆಲುಗು. ಕನ್ನಡದ ಓದು ನಿಧಾನ, ಕುಂಟೆಬಿಲ್ಲೆಯಲ್ಲಿ ಇಡೀ ಶಾಲೆಗೆ ಮೊದಲು.

“ಅವಳಿಗೆ ಹುಷಾರಿಲ್ಲವೇನೋ, ಕಣ್ಣಿಗೇನಾದರೂ ಆಯ್ತೇನೋ ಅಂದ್ಕೊಂಡಿದ್ದೆ,” ಎಂದರು ಪ್ರೇಮಲತಾ. ಬೊಮ್ಮಲಿಂಗಪ್ಪ ಕರಡಿಮರಿಯ ಕಥೆ ಹೇಳಿದ. ಇಬ್ಬರೂ ಕಿಟಕಿಯಾಚೆ ನೋಡಿದರು. ಹೊರಗೆ ಮಕ್ಕಳು ಕುಂಟುತ್ತಾ ಕೂಗಾಡುತ್ತಿದ್ದರು. ತೇಜಶ್ರೀ ಬಿಲ್ಲೆ ಎಸೆದು, ಗೆರೆ ತುಳಿದು, ಸುಂಕಿಯಿಂದ ಬೈಸಿಕೊಳ್ಳುತ್ತಿದ್ದಳು. ಬೈಸಿಕೊಂಡು ನಗುತ್ತಿದ್ದಳು.

“ನೋಡಿ,” ಎಂದರು ಟೀಚರ್. “ಓದೋದು ಐದನೇ ಕ್ಲಾಸಿನ ಹಾಗೆ ಓದ್ತಾಳೆ. ಕುಂಟೋದು ಎರಡನೇ ಕ್ಲಾಸಿನವರ ಜೊತೆನೇ. ಎರಡೂ ಅವಳೇ ಅಲ್ವಾ? ನಾನು ಮುಂದಿದ್ದಾಳೆ ಅಂತ ಒಬ್ಬಳನ್ನೇ ಕೂರಿಸಿದೆ. ನೀವು ಮುಂದಿದ್ದಾಳೆ ಅಂತ ಎಲ್ಲರ ಮುಂದೆ ನಿಲ್ಲಿಸಿದ್ರಿ.”

ಬೊಮ್ಮಲಿಂಗಪ್ಪ ಚೀಲದ ಪಟ್ಟಿಯನ್ನು ತಿರುವಿದ. “ಹಂಗಾರೆ ಏನ್ ಮಾಡ್ಬೇಕು ಮೇಡಂ? ಸುಮ್ನೆ ಬಿಟ್ಬಿಡಾದಾ?”

“ಸುಮ್ನೆ ಯಾಕೆ ಬಿಡ್ತೀರಿ? ಪುಸ್ತಕ ಕೊಡಿ, ಅವಳೇ ಆರಿಸ್ಕೊಳ್ಳಲಿ. ಸುಲಭದ್ದನ್ನೇ ಹತ್ತು ಸಲ ಓದ್ತೀನಿ ಅಂದ್ರೆ ಓದ್ಲಿ. ಏನಾದ್ರೂ ಕೇಳಿದ್ರೆ ಹೇಳಿ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ, ಇಬ್ಬರೂ ಸೇರಿ ಹುಡುಕಿ. ಇಲ್ಲಿ ನಾನು ಅವಳನ್ನೂ ಸುಂಕೀನೂ ಜೊತೆಗೇ ಕೂರಿಸ್ತೀನಿ, ಅವಳಿಗೆ ಬೇರೆ ಪುಸ್ತಕಾನೂ ಕೊಡ್ತೀನಿ. ಒಂದು ಮಾತ್ರ ಬೇಡ. ಓದಿಸಿ ತೋರಿಸಬೇಡಿ.”

ಉಪವಾಸ ಇರು ಎಂದಿದ್ದರೆ ಸುಲಭವಿತ್ತು. ಆದರೂ ಪ್ರೇಮಲತಾ ಟ್ರಂಕಿನಿಂದ ತೆಗೆದುಕೊಟ್ಟ ಕಥೆಪುಸ್ತಕಗಳನ್ನು ಅವನು ಕಲೆಕ್ಷನ್ನಿನ ಹಣಕ್ಕಿಂತ ಜೋಪಾನವಾಗಿ ಚೀಲದಲ್ಲಿಟ್ಟುಕೊಂಡು ಬಂದ. ಎಲ್ಲವೂ ತೆಳ್ಳಗಿದ್ದವು, ತುಂಬ ಚಿತ್ರಗಳಿದ್ದವು. ಇಷ್ಟು ಚಿಕ್ಕ ಪುಸ್ತಕ ಕೊಟ್ಟರೆ ಹುಡುಗಿಗೆ ಅವಮಾನವಾದೀತೇನೋ ಎಂದು ಅಂಜಿದ್ದ. ಅವಳು ಅವನ್ನು ನೆಲಕ್ಕೆ ಹರಡಿಕೊಂಡು, ಹೊಟ್ಟೆಯ ಮೇಲೆ ಮಲಗಿ, ಊಟಕ್ಕೆ ಕರೆದರೂ ಏಳಲಿಲ್ಲ. ಕೈಪಿಡಿ ಒಂದು ಕಡೆ ಬಿದ್ದಿತ್ತು. ಲಕ್ಷ್ಮಕ್ಕ ಅದನ್ನು ಅಲುಗಾಡುತ್ತಿದ್ದ ಕಪಾಟಿನ ಕಾಲ ಕೆಳಗೆ ಸೇರಿಸಿ, “ಇವತ್ತು ಪ್ರಯೋಜನಕ್ಕೆ ಬಂತು ನೋಡಣ್ಣಾ,” ಎಂದಳು.

ಆಮೇಲಿನ ದಿನಗಳಲ್ಲಿ ಚಕ್ರವರ್ತಿ ಪಟ್ಟ ಪಾಡು ಅವನಿಗೇ ಗೊತ್ತು. ಜಂಬ ಕೊಚ್ಚುವ ಬಾಯನ್ನು ಮುಚ್ಚಿಡುವುದು ಟಾಪಿನ ಮೇಲೆ ಹಗ್ಗವಿಲ್ಲದೆ ಈರುಳ್ಳಿ ಚೀಲ ಸಾಗಿಸಿದ ಹಾಗೆ. ಪ್ರತಿ ತಿರುವಿನಲ್ಲೂ ಎದೆ ಢವಗುಟ್ಟುತ್ತದೆ. ಒಂದು ದಿನ ತಳಕಿನಲ್ಲಿ ಟೈಮು ಕಾಯುತ್ತಾ ನಿಂತಿದ್ದಾಗ ಅವನು ವಾಚು ನೋಡುವುದನ್ನು ಬಿಟ್ಟು ಜನರನ್ನು ನೋಡಿದ. ಇಬ್ಬರು ಹೆಂಗಸರು ಸಂಬಂಧದ ಮಾತಾಡುತ್ತಿದ್ದರು. ಮುದುಕನೊಬ್ಬ ಕುರಿಮರಿಗೆ ಬೇವಿನ ಸೊಪ್ಪು ತಿನ್ನಿಸುತ್ತಿದ್ದ. ಬಸ್ಸು ನಿಂತಿದ್ದನ್ನು ಅವರ್ಯಾರೂ ನಷ್ಟ ಅಂದುಕೊಂಡ ಹಾಗಿರಲಿಲ್ಲ. ಇಷ್ಟು ವರ್ಷ ಈ ಮರದ ಕೆಳಗೆ ಚಡಪಡಿಸಿದವನು ತಾನೊಬ್ಬನೇ ಇರಬಹುದೇ ಎಂದು ಅವನಿಗೆ ಮೊದಲ ಸಲ ಅನುಮಾನ ಬಂತು.

ಮುಂದಿನ ಭಾನುವಾರ ಕಿಟಕಿ ಸೀಟಿನಲ್ಲಿ ಇಬ್ಬರು ಹುಡುಗಿಯರಿದ್ದರು. ಸುಂಕಿಯ ಅವ್ವನನ್ನು ಒಪ್ಪಿಸಿ ಲಕ್ಷ್ಮಕ್ಕ ಅವಳನ್ನೂ ಕಳಿಸಿದ್ದಳು. ಚಳ್ಳಕೆರೆಯಿಂದ ವಾಪಸು ಹೊರಟಾಗ ಇಬ್ಬರ ಮಡಿಲ ಮೇಲೆ ಒಂದೇ ಪುಸ್ತಕ. ಚಳಿಯಾಗುತ್ತದೆಂದು ಸಂತೆಗೆ ಕಂಬಳಿ ಕೊಳ್ಳಲು ಹೋದ ಕರಡಿಯ ಕಥೆ. ತೇಜಶ್ರೀ ಕನ್ನಡದಲ್ಲಿ ಓದಿ, ಗಡಿಯೂರಿನ ಮಕ್ಕಳಿಗೆ ಬರುವಷ್ಟು ತೆಲುಗಿನಲ್ಲಿ ಹೇಳುತ್ತಿದ್ದಳು. ಸುಂಕಿ ಚಿತ್ರದ ಮೇಲೆ ಬೆರಳಿಟ್ಟು, ತನಗೆ ಗೊತ್ತಾದ ಅಕ್ಷರ ಬಂದಾಗಲೆಲ್ಲ ಅದನ್ನು ತಾನೇ ಕೂಗುತ್ತಿದ್ದಳು.

ದಾರಿಯ ಒಂದು ಹಳ್ಳಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು ಮಾತ್ರೆ ಚೀಟಿ ಹಿಡಿದು ಬಂದಳು. “ಬೊಮ್ಮಣ್ಣ, ನಿನ್ನ ಸೊಸೆ ಚೆಂದ ಓದ್ತಾಳಂತಲ್ಲ. ಇದನ್ನೊಂಚೂರು ಓದಿಸಪ್ಪ.”

ಬಸ್ಸಿನ ಅರ್ಧ ಜನ ತಿರುಗಿ ನೋಡಿದರು. ಎಂಥ ಸಭೆ! ಎಂಥ ಅವಕಾಶ! ಬೊಮ್ಮಲಿಂಗಪ್ಪನ ನಾಲಿಗೆಯ ತುದಿಯವರೆಗೆ ಮಾತು ಬಂತು. ಅದನ್ನು ನುಂಗುವಾಗ ಗಂಟಲು ಮೇಲೆ ಕೆಳಗೆ ಆದದ್ದು ಹಾಲೇಶಪ್ಪನಿಗೆ ಕನ್ನಡಿಯಲ್ಲಿ ಕಾಣಿಸಿತಂತೆ.

“ಇಲ್ಲಜ್ಜಿ. ಅವಳಿಗೆ ಓದಕ್ಕೆ ಬರಲ್ಲ. ತಾ ಇಲ್ಲಿ, ನಾನೇ ಓದ್ತೀನಿ.” ಒಂದೊಂದೇ ಅಕ್ಷರ ಕೂಡಿಸಿ, ಬೆವರಿ, ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಹೇಳಿ ಮುಗಿಸಿದ. ಕಿಟಕಿ ಸೀಟಿನಿಂದ ಯಾರೂ ತಲೆ ಎತ್ತಲಿಲ್ಲ. ಕರಡಿ ಆಗ ಅಂಗಡಿಯವನ ಹತ್ತಿರ ಚೌಕಾಶಿ ಮಾಡುತ್ತಿತ್ತು.

ಅಂದು ರಸ್ತೆ ಖಾಲಿಯಿತ್ತು, ತಳಕಿಗೆ ಬೇಗ ಬಂದರು. ಬೇವಿನ ಮರ, ಚಹಾ, ಶೇಂಗಾ. ಹೊತ್ತಾಯಿತು. ಜನ ಹತ್ತಿದರು. ಹಾಲೇಶಪ್ಪ ಎಂಜಿನ್ ಚಾಲು ಮಾಡಿದ. ಬೊಮ್ಮಲಿಂಗಪ್ಪ ಸೀಟಿಯನ್ನು ತುಟಿಗಿಟ್ಟುಕೊಂಡಾಗ ಕೆಳಗಿನಿಂದ ಕೂಗು ಬಂತು. ಹುಡುಗಿಯರು ಇನ್ನೂ ಮರದ ಬುಡದಲ್ಲಿದ್ದರು.

“ಮಾವ! ಇನ್ನೆರಡೇ ಪುಟ ಐತೆ! ಬಸ್ಸಲ್ಲಿ ಅಲ್ಲಾಡ್ತೈತೆ, ಚಿತ್ರ ಸರಿಯಾಗಿ ಕಾಣಲ್ಲ!”

“ತರ್ವಾತ ಏಮಾಯ್ನೇ? ಚೆಪ್ಪು!” ಎಂದು ಸುಂಕಿ ಆಮೇಲೇನಾಯ್ತು ಹೇಳೆಂದು ಅವಳ ಲಂಗ ಜಗ್ಗುತ್ತಿದ್ದಳು.

ಬೊಮ್ಮಲಿಂಗಪ್ಪ ವಾಚು ನೋಡಿದ. ರಸ್ತೆ ನೋಡಿದ. ದೂರದಲ್ಲಿ ಧೂಳೆಬ್ಬಿಸಿಕೊಂಡು ವಿಜಯಪವನ ಬರುತ್ತಿತ್ತು. ತಿರುಗಿ ಪ್ರಯಾಣಿಕರಿಗೆ, “ಟೈರು ನೋಡ್ಬೇಕು, ಒಂದೈದು ನಿಮಿಷ ರೀ,” ಎಂದವನೇ ಕೆಳಗಿಳಿದು ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ವಿಜಯಪವನ ಬಂತು, ನಿಧಾನಿಸಿತು. ಬಾಗಿಲಲ್ಲಿ ಜೋತಾಡುತ್ತಿದ್ದ ಗಾದ್ರಪ್ಪನ ಮುಖ ಅರಳಿತು.

“ಏನಾಯ್ತಲೇ ತಮ್ಮಾ, ನಿಂತೇ ಬಿಟ್ಟೈತಲ್ಲ ಗಾಡಿ?”

“ಟೈರು ನೋಡ್ತಾ ಇದ್ದೀನಿ ಅಣ್ಣಾ. ನೀನು ಹೋಗು.”

ಇಷ್ಟು ವಿನಯ ಕಂಡು ಗಾದ್ರಪ್ಪನಿಗೇ ದಿಗಿಲಾಯಿತು. ಏನನ್ನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಬಸ್ಸು ಮುಂದಿನ ಊರುಗಳ ಜನರನ್ನೆಲ್ಲ ಬಾಚಿಕೊಳ್ಳಲು ಹೊರಟುಹೋಯಿತು.

ಬೊಮ್ಮಲಿಂಗಪ್ಪ ಏನೂ ಆಗದ ಟೈರನ್ನು ಒಮ್ಮೆ ತಟ್ಟಿದ. ಮರದ ಕಡೆ ಬೆನ್ನು ಮಾಡಿ, ಕಿವಿಯನ್ನು ಮಾತ್ರ ಅತ್ತ ಬಿಟ್ಟು ಕೂತ. ಕರಡಿ ಕಂಬಳಿ ಹೊದ್ದುಕೊಂಡಿತು. ಕನ್ನಡಿ ನೋಡಿಕೊಂಡಿತು. ಆಮೇಲೆ ಹಾಳೆ ತಿರುಗಿದ ಸದ್ದಾಯಿತು, ಮಾತು ನಿಂತಿತು. ಅವನಿಗೆ ತಡೆಯಲಾಗಲಿಲ್ಲ.

“ತೇಜೂ,” ಎಂದ ಮೆಲ್ಲಗೆ, ತಿರುಗದೆಯೇ. “ಆಮೇಲೇನಾಯ್ತವ್ವ?”